ಕುಡಿತ ಬಿಟ್ಟ ಅಪ್ಪ ನಮ್ಮ ಕಾವ್ಯದಲ್ಲಿ ಯಾಕಿಲ್ಲ?

ನಮ್ಮ ಕವಿತೆಗಳಲ್ಲಿ ಕುಡಿದ ಅಪ್ಪ ಇದ್ದಾನೆ. ಬೇಕಾದಷ್ಟು ಇದ್ದಾನೆ. ಧಣಿಯ ಹೊಲದಿಂದ ನೇರ ಸಾರಾಯಿ ಅಂಗಡಿಗೆ ಹೋಗುವ ಅಪ್ಪ, ಚರಂಡಿ ಪಕ್ಕ ಬಿದ್ದ ಅಪ್ಪ, ಅವ್ವನ ತಾಳಿಯ ಗುಂಡು ಅಡ ಇಟ್ಟ ಅಪ್ಪ, ಕರುಳು ಸುಟ್ಟುಕೊಂಡು ಸತ್ತ ಅಪ್ಪ. ಯಾವ ಊರಿನ ಕವಿಗೋಷ್ಠಿಗೆ ಹೋಗಿ ಕೂತರೂ ಒಂದೆರಡು ಕವಿತೆಗಳಲ್ಲಾದರೂ ಈ ಅಪ್ಪ ತೂರಾಡಿಕೊಂಡು ಬರುತ್ತಾನೆ. ಸಭೆ ಗಪ್‌ಚಿಪ್ಪಾಗುತ್ತದೆ. ಆಮೇಲೆ ಚಪ್ಪಾಳೆ ಬೀಳುತ್ತದೆ.

ಕುಡಿತ ಬಿಟ್ಟ ಅಪ್ಪ ಎಲ್ಲಿದ್ದಾನೆ? ನಮ್ಮ ಕೇರಿಗಳಲ್ಲಿ ಅಂಥವರಿಲ್ಲವೆ? ಇದ್ದಾರೆ. ಯಾವ ಕೇರಿಗೆ ಬೇಕಾದರೂ ಹೋಗಿ ಕೇಳಿ, ‘ಅಗೋ ಅವ್ನು, ಮೊದ್ಲು ಹೆಂಗಿದ್ದ ಗೊತ್ತಾ’ ಅಂತ ಬೊಟ್ಟು ಮಾಡಿ ತೋರಿಸುತ್ತಾರೆ. ಅವನು ಜಗಲಿ ಮೇಲೆ ಕೂತು ಬೀಡಿ ಸೇದುತ್ತಿರುತ್ತಾನೆ. ಅವನ ಮೇಲೆ ಯಾರೂ ಕವಿತೆ ಬರೆದಿಲ್ಲ. ಬರೆದರೂ ಕೊನೆಯ ಎರಡು ಸಾಲಿನಲ್ಲಿ ‘ಬಿಟ್ಟ’ ಅಂತ ಹೇಳಿ ಮುಗಿಸಿರುತ್ತಾರೆ. ಬಿಟ್ಟ ಮೇಲೆ ಆ ಮನೆಯಲ್ಲಿ ಏನಾಯಿತು ಅನ್ನುವುದು ಕಾವ್ಯಕ್ಕೆ ಬೇಡವಾದ ಸಂಗತಿಯೆ? ಈ ಪ್ರಶ್ನೆಯನ್ನು ನಾವು ಒಬ್ಬ ಕವಿಯ ಮುಂದೆ ಇಡುತ್ತಿಲ್ಲ. ಚಳವಳಿಯ ಒಳಗಿನಿಂದ ಬರೆಯುತ್ತಿರುವ ಎಲ್ಲರ ಮುಂದೆ ಇಡುತ್ತಿದ್ದೇವೆ.

1

ಕನ್ನಡದಲ್ಲಿ ಕುಡುಕ ಅಂದ ತಕ್ಷಣ ನೆನಪಾಗುವವನು ರತ್ನ. ಜಿ.ಪಿ. ರಾಜರತ್ನಂ 1930ರ ದಶಕದಲ್ಲಿ ಕಟ್ಟಿಕೊಟ್ಟ ಯೆಂಡ್ಕುಡ್ಕ ರತ್ನ. ಕೂಲಿ ಮಾಡುವವರ ಬಾಯಿಮಾತನ್ನು ಎತ್ತಿ ತಂದು ಕಾವ್ಯದ ಪಂಕ್ತಿಯಲ್ಲಿ ಕೂರಿಸಿದ್ದು ಸಣ್ಣ ಕೆಲಸವಲ್ಲ. ಕನ್ನಡ ಪದ್ಯವು ಮಡಿ ಉಟ್ಟುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ‘ಹ’ಕಾರ ಬಾರದ ನಾಲಗೆಗೂ ಪದ್ಯ ಹೇಳುವ ಹಕ್ಕಿದೆ ಎಂದು ತೋರಿಸಿದ್ದಕ್ಕೆ ನಾವೂ ಋಣಿಗಳೇ.

ಆದರೆ ಅವನ ಪದಗಳಲ್ಲಿ ತುಂಬ ಪ್ರಸಿದ್ಧವಾದ ಒಂದನ್ನು ನೋಡೋಣ. ದೇವರು ಬಂದು ಹೆಂಡ ಬಿಡು ಅಂದರೆ ರತ್ನ ಅಡ್ಡಮಾತಿಲ್ಲದೆ ಬಿಟ್ಟೆ ಅನ್ನುತ್ತಾನೆ. ಹೆಂಡತಿಯನ್ನು ಬಿಡು ಅಂದರೆ ಪೀಡೆ ಕಳೆಯಿತು ಅಂತ ಖುಷಿಪಡುತ್ತಾನೆ. ಕನ್ನಡ ಪದ ಹಾಡುವುದನ್ನು ಬಿಡು ಅಂದಾಗ ಮಾತ್ರ ದೇವರ ಮೇಲೇ ತಿರುಗಿ ಬೀಳುತ್ತಾನೆ. ರಾಜ್ಯೋತ್ಸವದ ವೇದಿಕೆಗಳಲ್ಲಿ ಇದನ್ನು ಮೈದುಂಬಿ ಹಾಡುತ್ತಾರೆ. ಕನ್ನಡದ ಅಭಿಮಾನ ನಮಗೂ ಇದೆ. ಆದರೂ ಒಂದು ಸಲ ಅವನ ಹೆಂಡತಿ ನಂಜಿಯ ಪಕ್ಕದಲ್ಲಿ ಕೂತು ಈ ಪದ ಕೇಳಿ ನೋಡಿ. ಹೆಂಡ ಬಿಡುವುದು ಅಲ್ಲಿ ಎಷ್ಟು ಸಲೀಸು! ಒಂದು ಮಾತಿನಲ್ಲಿ ಬಿಟ್ಟಾಯಿತು. ಕೈ ನಡುಗಲಿಲ್ಲ, ರಾತ್ರಿ ನಿದ್ದೆ ಕೆಡಲಿಲ್ಲ, ಅಂಗಡಿಯವನ ಬಾಕಿ ಯಾರು ತೀರಿಸಿದರು ಅನ್ನುವ ಮಾತೇ ಬರಲಿಲ್ಲ. ಬಿಡು ಅಂತ ಹೇಳುವವನೂ ದೇವರು. ವರ್ಷಗಟ್ಟಲೆ ಬಿಡು ಬಿಡು ಅಂತ ಬಾಯಿ ಒಣಗಿಸಿಕೊಂಡ ನಂಜಿ ಹೆಂಡದ ಜೊತೆಗೇ ಬಿಡಬೇಕಾದ ಇನ್ನೊಂದು ಸಾಮಾನು.

ಇದನ್ನು ವಿನೋದ ಅಂತ ಓದಿ ನಗುವವರು ನಗಲಿ. ಆ ನಗು ಯಾರ ಮನೆಯಲ್ಲಿ ಹುಟ್ಟುತ್ತದೆ ಅನ್ನುವುದು ನಮಗೆ ಗೊತ್ತು. ಕುಡುಕನ ಜೊತೆ ಒಂದೇ ಸೂರಿನಡಿ ಮಲಗಬೇಕಾಗಿಲ್ಲದವರಿಗೆ ಕುಡುಕ ತುಂಬ ಚಂದ ಕಾಣುತ್ತಾನೆ.

2

ಇನ್ನೊಂದು ಕಡೆ ಪಾನನಿರೋಧದ ಸಾಹಿತ್ಯ ಇದೆ. ಶಾಲೆಯ ವಾರ್ಷಿಕೋತ್ಸವದ ನಾಟಕ, ವಾರ್ತಾ ಇಲಾಖೆಯ ಬೀದಿನಾಟಕ, ಹಳೇ ಸಿನಿಮಾ. ಇವುಗಳಲ್ಲಿ ಕುಡುಕ ಬಿಡುತ್ತಾನೆ, ಖಂಡಿತ ಬಿಡುತ್ತಾನೆ. ಆದರೆ ಬಿಡಿಸುವವರು ಯಾರು? ಒಬ್ಬ ಮೇಷ್ಟ್ರು, ಒಬ್ಬ ಸ್ವಾಮಿ, ಇಲ್ಲವೆ ಊರ ಯಜಮಾನ. ರಾಜಕುಮಾರ್ ಅಭಿನಯದ ‘ಜೀವನ ಚೈತ್ರ’ 1992ರಲ್ಲಿ ಬಂತು. ಸಾರಾಯಿ ವಿರುದ್ಧ ಎಷ್ಟೋ ಹಳ್ಳಿಗಳ ಹೆಂಗಸರಿಗೆ ಆ ಚಿತ್ರ ಧೈರ್ಯ ಕೊಟ್ಟಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿಯೂ ಹೋರಾಟದ ಮುಂದಾಳು ಊರಿನ ದೊಡ್ಡಮನೆಯ ಯಜಮಾನನೇ. ಕುಡಿಯುವವರು ಕೆಳಗೆ, ಬುದ್ಧಿ ಹೇಳುವವರು ಮೇಲೆ. ಹಗಲು ಕೂಲಿ ಕಡಿತ ಮಾಡಿ, ಸಂಜೆ ಉಳಿದ ಕೂಲಿಗೆ ಸಾರಾಯಿ ಚೀಟಿ ಕೊಟ್ಟ ಕೈಗಳೇ ವೇದಿಕೆ ಮೇಲೆ ಕುಡಿಯಬೇಡಿ ಅಂತ ಮುಗಿದು ನಿಂತದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ.

ಹಾಗಾಗಿ ಬಂಡಾಯ ಬರಹಗಾರರು ಈ ಉಪದೇಶದ ಮಾರ್ಗವನ್ನು ತಿರಸ್ಕರಿಸಿದರು. ತಿರಸ್ಕರಿಸಿದ್ದು ಸರಿ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಹೊತ್ತಿಗೆ, ಕುಡಿತ ಅನ್ನುವುದು ಬಡವನ ಚಟ ಅಲ್ಲ, ವ್ಯವಸ್ಥೆ ಅವನ ಬಾಯಿಗೆ ಸುರಿದ ವಿಷ ಅಂತ ಗಟ್ಟಿಯಾಗಿ ಹೇಳುವುದು ಬೇಕಾಗಿತ್ತು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿಕಾರರು, ಕೊಳೆಗೇರಿಯವರು. ಅವರನ್ನು ಕುಡುಕರು ಅಂತ ಬೈಯುವುದು ಸುಲಭವಾಗಿತ್ತು. ಕೊಲೆ ಅಂತ ಕರೆಯುವುದಕ್ಕೆ ಚಳವಳಿ ಬೇಕಾಯಿತು. ‘ಹೆಂಡ ಬೇಡ, ಶಾಲೆ ಬೇಕು, ಭೂಮಿ ಬೇಕು’ ಎಂಬ ಅರ್ಥದ ಕೂಗನ್ನು ದಲಿತ ಸಂಘರ್ಷ ಸಮಿತಿ ಹಟ್ಟಿ ಹಟ್ಟಿಗೆ ಒಯ್ದದ್ದು ಈ ತಿಳಿವಳಿಕೆಯಿಂದಲೇ.

ತೊಡಕು ಶುರುವಾದದ್ದು ಆಮೇಲೆ. ಕೂಗು ಕವಿತೆಗೆ ಬಂದಾಗ ಕುಡಿದ ಅಪ್ಪ ಪ್ರತಿಮೆಯಾದ. ಶೋಷಣೆಗೆ ಒಂದು ಪ್ರತಿಮೆ. ಪ್ರತಿಮೆಗೆ ಹಸಿವಾಗುವುದಿಲ್ಲ, ಅದಕ್ಕೆ ನಾಳೆ ಅನ್ನುವುದಿಲ್ಲ. ಪ್ರತಿಮೆ ಕುಡಿತ ಬಿಡಲಾರದು. ಬಿಟ್ಟರೆ ಕವಿತೆಯ ಸಿಟ್ಟು ಎಲ್ಲಿಂದ ಬರಬೇಕು? ಹೀಗಾಗಿ ನಮ್ಮ ಪದ್ಯದ ಅಪ್ಪ ನಲವತ್ತು ವರ್ಷದಿಂದ ಅದೇ ಚರಂಡಿ ಪಕ್ಕ ಬಿದ್ದಿದ್ದಾನೆ. ಪಟ್ಟಣದ ಓದುಗನಿಗೂ ಅವನು ಅಲ್ಲೇ ಬಿದ್ದಿದ್ದರೆ ಚೆನ್ನ. ಅವನನ್ನು ನೋಡಿ ಮರುಗಬಹುದು. ಮರುಗಿ ಪುಸ್ತಕ ಮುಚ್ಚಬಹುದು.

ನವ್ಯರ ಅಪ್ಪನ ಗುಣವೂ ನಮ್ಮ ಮೇಲೆ ಸ್ವಲ್ಪ ಅಂಟಿಕೊಂಡಿದೆ. ನವ್ಯದ ನಾಯಕ ಅಪ್ಪನ ವಿರುದ್ಧ ಸಿಡಿದು ನಿಂತ. ಅವನ ಅಪ್ಪನಿಗೆ ಜಮೀನು ಇತ್ತು, ಮನೆತನ ಇತ್ತು, ಮುರಿಯಲಿಕ್ಕೆ ಒಂದು ಆಚಾರ ಇತ್ತು. ನಮ್ಮಪ್ಪಂದಿರಿಗೆ ಹೊಸ್ತಿಲು ದಾಟಿದರೆ ಯಾವ ಅಧಿಕಾರವೂ ಇರಲಿಲ್ಲ. ಇದ್ದ ಅಧಿಕಾರವೆಲ್ಲ ಹೊಸ್ತಿಲ ಒಳಗೆ, ಅವ್ವನ ಬೆನ್ನಿನ ಮೇಲೆ. ಅಂಥ ಅಪ್ಪನನ್ನು ಕವಿತೆಯಲ್ಲಿ ಕೊಂದು ಬಿಡುಗಡೆ ಪಡೆಯುವುದು ನಮ್ಮ ದಾರಿಯಾಗಲಾರದು. ಅವನು ಬದುಕಿದರೇನೇ ನಮಗೆ ಬಿಡುಗಡೆ.

3

ಉಪದೇಶ ಬೇಡ, ಪ್ರತಿಮೆಯೂ ಸಾಲದು ಅಂದರೆ ಬೇರೆ ದಾರಿ ಯಾವುದು? ನಮ್ಮ ನೆಲದಲ್ಲೇ ಇದೆ. 12ನೇ ಶತಮಾನದ ಹೆಂಡದ ಮಾರಯ್ಯ ಹೆಂಡ ಮಾರುವ ಕಾಯಕದವನು. ಅವನು ತನ್ನ ಕಾಯಕದ ಮಾತಿನಲ್ಲೇ ಅರಿವಿನ ಮಾತು ಆಡಿದ, ಹೊರಗಿನಿಂದ ಬಂದು ಪ್ರವಚನ ಹೇಳಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೌದ್ಧ ದೀಕ್ಷೆ ಪಡೆದರು. ತಮ್ಮ ಜನಕ್ಕೆ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯಪಾನ ಮಾಡುವುದಿಲ್ಲ ಎಂಬುದೂ ಒಂದು. ಅಲ್ಲಿ ಯಜಮಾನ ಆಳಿಗೆ ‘ಬಿಡು’ ಅನ್ನುತ್ತಿಲ್ಲ. ಲಕ್ಷಾಂತರ ಜನ ತಮ್ಮ ಬಾಯಿಂದಲೇ, ತಮ್ಮ ಹೆಸರಿನಲ್ಲೇ ‘ಬಿಡುತ್ತೇನೆ’ ಅನ್ನುತ್ತಿದ್ದಾರೆ. ಹೇಳುವವನೂ ಅವನೇ, ಬಿಡುವವನೂ ಅವನೇ. ನಮ್ಮ ಕವಿತೆಗೆ ಬೇಕಾದ ವ್ಯಾಕರಣ ಇದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಹೆಂಡದ ಜೊತೆ ನಮ್ಮ ಜನರ ಸಂಬಂಧ ಬರೀ ವಿಷದ್ದಲ್ಲ. ಮಾರಿಗೆ, ಮುನೇಶ್ವರನಿಗೆ ಎಡೆ ಇಡುವಾಗ ಹೆಂಡ ಇರುತ್ತದೆ. ಸಾವಿನ ಮನೆಯಲ್ಲಿ, ಮದುವೆಯ ರಾತ್ರಿಯಲ್ಲಿ ಇರುತ್ತದೆ. 1948ರಲ್ಲಿ ಸಂವಿಧಾನ ಸಭೆಯಲ್ಲಿ ಪಾನನಿರೋಧದ ವಿಧಿ ಚರ್ಚೆಗೆ ಬಂದಾಗ ಆದಿವಾಸಿಗಳ ಪರವಾಗಿ ಜೈಪಾಲ್ ಸಿಂಗ್ ಮುಂಡಾ ಅದನ್ನು ವಿರೋಧಿಸಿದರು. ಅಕ್ಕಿಯ ಹೆಂಡ ತಮ್ಮ ಜನರ ಧಾರ್ಮಿಕ ಆಚರಣೆಯ ಭಾಗ ಎಂಬುದು ಅವರ ವಾದವಾಗಿತ್ತು. ಆ ವಾದಕ್ಕೆ ಬೆಲೆ ಇದೆ. ಆದರೆ ಹಬ್ಬದ ಹೆಂಡ ಬೇರೆ, ದಿನಾ ಸಂಜೆ ಸರಕಾರದ ಲೈಸೆನ್ಸಿನ ಅಂಗಡಿ ಮುಂದೆ ಹಲ್ಲಿನಲ್ಲಿ ಕಚ್ಚಿ ಹರಿಯುವ ಪ್ಯಾಕೆಟ್ಟು ಬೇರೆ. ಮೊದಲನೆಯದರಲ್ಲಿ ಕೇರಿ ಒಟ್ಟಾಗುತ್ತದೆ. ಎರಡನೆಯದರಲ್ಲಿ ಮನೆ ಒಡೆಯುತ್ತದೆ.

4

ಈಗ ಮನೆಗೆ ಬರೋಣ. ಕವಿತೆಗೆ ಸಿಗದೆ ಉಳಿದದ್ದು ಇಲ್ಲೇ ಇದೆ.

ನಮ್ಮಪ್ಪ ಕುಡಿತ ಬಿಟ್ಟಾಗ ನಾವು ಪಿಯುಸಿ ಓದುತ್ತಾ ಹಾಸ್ಟೆಲಿನಲ್ಲಿದ್ದೆವು. ಸುದ್ದಿ ಬಂದದ್ದು ತಂಗಿಯ ಫೋನಿನಲ್ಲಿ. ‘ಅಪ್ಪ ಎಂಟು ದಿನದಿಂದ ಕುಡ್ದಿಲ್ಲ ಕಣಣ್ಣ’ ಅಂದಳು. ಅವಳ ದನಿಯಲ್ಲಿ ಖುಷಿಗಿಂತ ದಿಗಿಲು ಹೆಚ್ಚಾಗಿತ್ತು. ಅವ್ವ ಫೋನು ಇಸ್ಕೊಂಡು ಒಂದೇ ಮಾತು ಹೇಳಿದಳು: ‘ಬುಡಾದೇನು ದೊಡ್ಡದಲ್ಲ ಕಣಪ್ಪ, ಬುಟ್ಟಿರಾದು ದೊಡ್ಡದು.’

ಅಕ್ಷರ ಬಾರದ ಅವ್ವನ ಈ ಮಾತನ್ನು ನಮ್ಮ ವಿಮರ್ಶೆ ಇನ್ನೂ ಮುಟ್ಟಿಲ್ಲ. ಬಿಡುವುದು ಒಂದು ಗಳಿಗೆಯ ಕೆಲಸ. ಬಿಟ್ಟಿರುವುದಕ್ಕೆ ಗಳಿಗೆಯ ಲೆಕ್ಕ ಇಲ್ಲ. ನಾಟಕಕ್ಕೆ, ಸಿನಿಮಾಕ್ಕೆ, ಕವಿತೆಯ ಕೊನೇ ಸಾಲಿಗೆ ಬೇಕಾದದ್ದು ಬಿಟ್ಟ ಗಳಿಗೆ. ಮನೆಯವರು ಬಾಳುವುದು ಬಿಟ್ಟಿರುವ ದಿನಗಳಲ್ಲಿ. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಊರುಗೋಲಾಗಿ ಶುರುಮಾಡಿದ ಸಂಘ ಇವತ್ತು ಎಷ್ಟೋ ದೇಶಗಳಲ್ಲಿದೆ. ಜನ್ಮಪೂರ್ತಿ ಬಿಡುತ್ತೇನೆ ಅಂತ ಆಣೆ ಹಾಕಬೇಡ, ಇವತ್ತೊಂದು ದಿನ ಕುಡಿಯದೆ ಇರು ಅನ್ನುವುದು ಅವರ ಪಾಠ. 1951ರಲ್ಲಿ ಮನೆಯವರಿಗೇ ಅಂತ ಬೇರೆ ಸಂಘವೂ ಆಯಿತು, ಕುಡಿದವನ ಜೊತೆ ಮನೆಯೂ ಕಾಯಿಲೆ ಬಿದ್ದಿರುತ್ತದೆ ಎಂಬ ಅರಿವಿನಿಂದ. ಅವ್ವನಿಗೆ ಈ ಯಾವ ಸಂಘವೂ ಗೊತ್ತಿಲ್ಲ. ಅವಳ ಮಾತೂ ಅವರ ಮಾತೂ ಒಂದೇ.

ಬಿಟ್ಟ ಮೊದಲ ಮೂರು ರಾತ್ರಿಗಳನ್ನು ತೆಗೆದುಕೊಳ್ಳಿ. ವರ್ಷಗಟ್ಟಲೆ ವಿಪರೀತ ಕುಡಿದವನು ಥಟ್ಟನೆ ನಿಲ್ಲಿಸಿದರೆ ಆರು ಗಂಟೆಯಿಂದ ಒಂದು ದಿನದ ಒಳಗೆ ಕೈನಡುಕ, ಬೆವರು, ವಾಂತಿ ಶುರುವಾಗುತ್ತವೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡನೇ ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಹರಿಯುತ್ತವೆ, ಸತ್ತವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ವೈದ್ಯ ಇಲ್ಲದಿದ್ದರೆ ಪ್ರಾಣವೂ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನದ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಕೇರಿಯಿಂದ ಅಲ್ಲಿಗೆ ಎಷ್ಟು ದೂರ! ಕೇರಿಯಲ್ಲಿ ಇದಕ್ಕೆ ದೆವ್ವ ಮೆಟ್ಟಿಕೊಂಡಿದೆ ಅನ್ನುತ್ತಾರೆ. ಬೇವಿನಸೊಪ್ಪು ತರುತ್ತಾರೆ. ಇಲ್ಲದಿದ್ದರೆ ‘ನಡುಕ ನಿಲ್ಲಲಿ, ಒಂದ್ ಗುಟುಕು ಹಾಕು’ ಅಂತ ನೆಂಟನೊಬ್ಬ ಪ್ಯಾಕೆಟ್ಟು ತರುತ್ತಾನೆ. ಅವ್ವಂದಿರು ಈ ಮೂರು ರಾತ್ರಿ ದೀಪ ಆರಿಸದೆ ಕೂತಿದ್ದಾರೆ. ನಮ್ಮಲ್ಲಿ ರಾತ್ರಿಯ ಮೇಲೆ ಎಷ್ಟು ಕವಿತೆಗಳಿವೆ! ಈ ರಾತ್ರಿಯ ಮೇಲೆ ಒಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಆಮೇಲಿನದು ಇನ್ನೂ ಕಷ್ಟದ ಕಾಲ. ಕುಡಿತ ಬಿಟ್ಟವನಿಗೆ ಸಂಜೆ ಆರರಿಂದ ಒಂಬತ್ತರ ತನಕ ಏನು ಮಾಡಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಹಗಲೆಲ್ಲ ಬೇರೆಯವರ ಹೊಲದಲ್ಲಿ ಬಗ್ಗಿದವನಿಗೆ ನಾಲ್ಕು ಜನರ ಸಮ ಕೂತು ದೊಡ್ಡ ದನಿಯಲ್ಲಿ ಮಾತಾಡಲು ಸಿಗುತ್ತಿದ್ದ ಒಂದೇ ಜಾಗ ಆ ಅಂಗಡಿ. ಅದನ್ನು ಬಿಟ್ಟರೆ ಹೋಟೆಲಿನಲ್ಲಿ ಬೇರೆ ಲೋಟ, ದೇವಸ್ಥಾನದಲ್ಲಿ ಹೊರಗಿನ ಮೆಟ್ಟಿಲು. ನಮ್ಮಪ್ಪ ಕತ್ತಾಳೆ ನಾರು ಹೊಸೆಯಲು ಕೂತ. ದಿನಾ ಸಂಜೆ ಹೊಸೆದ. ಮನೆಯಲ್ಲಿ ಇದ್ದದ್ದು ಒಂದು ಎಮ್ಮೆ. ಹೊಸೆದ ಹಗ್ಗ ಹತ್ತು ಎಮ್ಮೆಗೆ ಸಾಕಾಗುತ್ತಿತ್ತು. ಕಾಫಿಗೆ ಬೆಲ್ಲ ಹಾಕು, ಇನ್ನೂ ಹಾಕು ಅನ್ನುತ್ತಿದ್ದ.

ಮನೆಯವರು ನಂಬಿದರೆ? ಎಲ್ಲಿ ನಂಬುತ್ತಾರೆ! ಅವ್ವ ರಾಗಿ ಡಬ್ಬದ ತಳದಲ್ಲಿ ಬಚ್ಚಿಟ್ಟಿದ್ದ ದುಡ್ಡನ್ನು ಎರಡು ವರ್ಷ ಅಲ್ಲಿಂದ ತೆಗೆಯಲಿಲ್ಲ. ರಾತ್ರಿ ಸೈಕಲ್ಲಿನ ಸದ್ದಾದರೆ ತಂಗಿ ಎದ್ದು ಕೂರುವುದು ನಿಲ್ಲಲಿಲ್ಲ. ಅಪ್ಪ ಒಳಗೇ ಮಲಗಿರುತ್ತಿದ್ದ, ಸೈಕಲ್ಲು ಬೇರೆ ಯಾರದೋ ಆಗಿರುತ್ತಿತ್ತು. ಆದರೂ ಎದ್ದು ಕೂರುತ್ತಿದ್ದಳು. ಕುಡಿಯುವವನಿಗೆ ಕುಡಿತ ಬಿಟ್ಟುಹೋದರೂ ಮನೆಗೆ ಹೆದರಿಕೆ ಬಿಟ್ಟುಹೋಗುವುದು ನಿಧಾನ. ಇದನ್ನು ಹೇಳುವ ಕಥೆ ಎಲ್ಲಿದೆ?

ಇನ್ನೂ ಒಂದು ಸಂಗತಿ ಇದೆ. ಅದನ್ನು ಹೇಳಲಿಕ್ಕೆ ನಮ್ಮವರು ಹಿಂದೆಮುಂದೆ ನೋಡುತ್ತಾರೆ. ಅಪ್ಪ ಕುಡಿಯುತ್ತಿದ್ದ ವರ್ಷಗಳಲ್ಲಿ ಮನೆ ನಡೆಸಿದವಳು ಅವ್ವ. ಕೂಲಿಗೆ ಹೋದವಳು, ಸಂಘದಲ್ಲಿ ಸಾಲ ಎತ್ತಿದವಳು, ಡೈರಿಗೆ ಹಾಲು ಹಾಕಿದವಳು, ನಮ್ಮನ್ನು ಹಾಸ್ಟೆಲಿಗೆ ಸೇರಿಸಲು ಬೆರಳೊತ್ತಿದವಳು ಅವಳೇ. ಅಪ್ಪ ಎಚ್ಚರಾದ ಮೇಲೆ ಯಜಮಾನಿಕೆ ಕೇಳಿದ. ಹಾಲಿನ ದುಡ್ಡು ಎಲ್ಲಿ, ಸಂಘದ ಪುಸ್ತಕ ಎಲ್ಲಿ, ಯಾರನ್ನು ಕೇಳಿ ಸಂತೆಗೆ ಹೋದೆ? ಅವ್ವ ಪಕ್ಕದ ಮನೆ ಅತ್ತೆಯ ಮುಂದೆ ಹೇಳಿದ್ದು ಇದು: ‘ಕುಡ್ದಾಗ ಒದೀತಿದ್ದ. ಬುಟ್ಟ ಮ್ಯಾಲೆ ಲೆಕ್ಕ ಕೇಳ್ತಾನೆ.’

ಕುಡಿತ ಬಿಟ್ಟರೆ ಮನೆ ನಂದಗೋಕುಲ ಆಗುತ್ತದೆ ಅನ್ನುವ ಬೀದಿನಾಟಕದ ಬಣ್ಣ ಈ ಒಂದು ಮಾತಿಗೆ ಕಳಚಿ ಬೀಳುತ್ತದೆ. ಅಪ್ಪನ ಗುಣವಾಗುವಿಕೆ ಅವ್ವನ ಕೈಯಿಂದ ಮನೆಯ ಬೀಗದ ಕೈ ಕಿತ್ತುಕೊಳ್ಳುವುದೇ ಆದರೆ ಅದು ಅರ್ಧ ಗುಣ ಮಾತ್ರ. ಗಂಡಸುತನದ ಅಮಲೂ ಇಳಿಯಬೇಕು. ನಮ್ಮ ಮನೆಯಲ್ಲಿ ಇದು ಇಳಿಯಲು ಹೆಂಡಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅವ್ವ ಸಂಘದ ಪುಸ್ತಕ ಕೊಡಲಿಲ್ಲ. ಅಪ್ಪ ತಿಂಗಳುಗಟ್ಟಲೆ ಮುನಿಸಿಕೊಂಡ. ಆಮೇಲೆ ಒಂದು ದಿನ ಡೈರಿಗೆ ಹಾಲು ತಾನೇ ಹೊತ್ತುಕೊಂಡು ಹೋಗಿ, ಚೀಟಿ ತಂದು ಅವ್ವನ ಕೈಗೆ ಕೊಟ್ಟ. ಇಬ್ಬರೂ ಆ ವಿಷಯ ಮಾತಾಡಲಿಲ್ಲ.

5

ಬಿಟ್ಟ ಅಪ್ಪ ಮನೆಯೊಳಗೆ ಹೀಗಾದರೆ, ಊರೊಳಗೆ ಏನಾದ? ನಮ್ಮ ಚಳವಳಿಯ ಕಾವ್ಯ ಇದನ್ನಾದರೂ ನೋಡಬೇಕಿತ್ತು.

ಊರ ಮಾರಿಹಬ್ಬಕ್ಕೆ ತಮಟೆ ಬಡಿಯಬೇಕು, ಊರವರ ಹೆಣಕ್ಕೆ ತಮಟೆ ಬಡಿಯಬೇಕು. ಅದಕ್ಕೆ ಸಂಬಳ ಇಲ್ಲ, ‘ಎಣ್ಣೆ’ ಇದೆ. ಕುಡಿಸದೆ ಈ ಚಾಕರಿ ನಡೆಯುವುದಿಲ್ಲ. ಕುಡಿದವನಿಗೆ ತಾನು ಯಾರ ಹೆಣದ ಮುಂದೆ ಕುಣಿಯುತ್ತಿದ್ದೇನೆ ಅನ್ನುವುದು ಮರೆತಿರುತ್ತದೆ. ಕುಡಿಯದವನಿಗೆ ಎಲ್ಲ ಕಾಣುತ್ತದೆ. ಅವಮಾನ ಎಚ್ಚರದಲ್ಲಿ ಹೆಚ್ಚು ನೋಯುತ್ತದೆ. ಕುಡಿತ ಬಿಟ್ಟವನು ಮೊದಲು ಕೂಲಿಯನ್ನು ದುಡ್ಡಿನಲ್ಲೇ ಕೊಡಿ ಅನ್ನುತ್ತಾನೆ. ಆಮೇಲೆ ತಮಟೆಗೆ ದುಡ್ಡು ಕೇಳುತ್ತಾನೆ. ಆಮೇಲೆ ಬಡಿಯುವುದೇ ಇಲ್ಲ ಅನ್ನುತ್ತಾನೆ. ಊರಿಗೆ ಅವನು ಕುಡಿದು ಬಿದ್ದಾಗ ತೊಂದರೆ ಇರಲಿಲ್ಲ. ಎದ್ದು ನಿಂತಾಗ ‘ಇವ್ನಿಗೆ ಕೊಬ್ಬು ಬಂತು’ ಅಂದಿತು.

ನಮ್ಮಪ್ಪ ಎರಡನೇ ವರ್ಷದ ಮಾರಿಹಬ್ಬದಲ್ಲಿ ಮತ್ತೆ ಕುಡಿದ. ಊರವರು ಬಿಡಲಿಲ್ಲ, ಒಂದು ಗುಟುಕಿಗೆ ಏನಾಗುತ್ತದೆ ಅಂದರು. ಒಂದು ಗುಟುಕು ನಾಲ್ಕು ದಿನ ನಡೆಯಿತು. ತಂಗಿ ಕ್ಯಾಲೆಂಡರಿನಲ್ಲಿ ಗೀಟು ಹಾಕಿಕೊಂಡು ಬಂದಿದ್ದಳು. ಆ ಕ್ಯಾಲೆಂಡರ್ ಕಿತ್ತೆಸೆಯಲು ಹೋದಳು. ಅವ್ವ ತಡೆದಳು. ‘ಇವತ್ತಿಂದ ಮತ್ತೆ ಒಂದು ಅಂತ ಎಣ್ಸು’ ಅಂದಳು. ಕಥೆಗಳಲ್ಲಿ ಮತ್ತೆ ಕುಡಿದ ಅಂದರೆ ಅಲ್ಲಿಗೆ ದುರಂತ, ತೆರೆ ಬೀಳುತ್ತದೆ. ಮನೆಗಳಲ್ಲಿ ತೆರೆ ಬೀಳುವುದಿಲ್ಲ. ಬೆಳಗ್ಗೆ ಎದ್ದು ಎಮ್ಮೆ ಹಾಲು ಕರೆಯಬೇಕು. ವೈದ್ಯರೂ ಈಗ ಇದನ್ನೇ ಹೇಳುತ್ತಾರೆ: ಮತ್ತೆ ಕುಡಿಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ, ಹಾಗಂತ ಚಿಕಿತ್ಸೆ ಸೋತಂತಲ್ಲ. ಅಮ್ಮಂದಿರ ತಾಳ್ಮೆಯನ್ನು ತ್ಯಾಗ ಅಂತ ಹಾಡಿ ಹೊಗಳುವ ಪದ್ಯಗಳು ಸಾಕು. ಅದು ಲೆಕ್ಕ, ಗಟ್ಟಿ ಲೆಕ್ಕ. ಒಂದರಿಂದ ಮತ್ತೆ ಎಣಿಸುವ ಲೆಕ್ಕ.

6

ಇದೆಲ್ಲ ಒಂದು ಮನೆಯ ವಿಷಯ, ಚಳವಳಿಗೇನು ಅಂತ ಕೇಳುವ ಗೆಳೆಯರಿದ್ದಾರೆ. ಅವರು ಪಕ್ಕದ ಆಂಧ್ರವನ್ನು ನೋಡಬೇಕು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕಲಿತರು. ಅಲ್ಲಿಯ ಓದುಪುಸ್ತಕದಲ್ಲಿ ಸೀತಮ್ಮ ಎಂಬ ಹೆಂಗಸಿನ ಕಥೆಯ ಪಾಠ ಇತ್ತು. ಊರ ಹೆಂಗಸರು ಒಟ್ಟಾಗಿ ಸಾರಾಯಿ ಅಂಗಡಿ ಮುಚ್ಚಿಸುವ ಕಥೆ. ಓದಿದರು, ತಮ್ಮೂರಿನ ಅಂಗಡಿ ಮುಚ್ಚಿಸಿದರು. 1992ರ ಹೊತ್ತಿಗೆ ಕಿಚ್ಚು ಜಿಲ್ಲೆಗೆಲ್ಲ ಹಬ್ಬಿ ಸಾರಾಯಿ ಹರಾಜನ್ನೇ ನಿಲ್ಲಿಸಿತು. 1993ರ ಅಕ್ಟೋಬರ್ 1ರಿಂದ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು, 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧ ಬಂತು. 1997ರಲ್ಲಿ ಆ ನಿಷೇಧವನ್ನು ಸರಕಾರವೇ ಸಡಿಲಿಸಿತು. ಪಂಡಿತರು ಸಾಹಿತ್ಯ ಅಂತ ಒಪ್ಪದ ಒಂದು ಪಾಠ ಒಂದು ರಾಜ್ಯವನ್ನು ಅಲ್ಲಾಡಿಸಿತು. ಬರಹದಿಂದ ಏನಾಗುತ್ತದೆ ಅಂತ ಕೇಳುವವರಿಗೆ ಇದು ಉತ್ತರ.

ಆದರೆ ಆ ಕಥೆಯ ಕೇಂದ್ರ ಅಂಗಡಿ. ಅಂಗಡಿಯ ಬಾಗಿಲು ಮುಚ್ಚಿದ ಮೇಲೆ ಮನೆಯ ಬಾಗಿಲು ತೆರೆಯುತ್ತದೆ, ಅದರೊಳಗೆ ನಡುಗುವ ಒಬ್ಬ ಗಂಡಸು ಕೂತಿರುತ್ತಾನೆ. ಅವನ ಗತಿ ಏನು? ಸರಕಾರಕ್ಕೆ ಅದು ಬೇಕಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿಯ ಪ್ಯಾಕೆಟ್ಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು, ಹೆಚ್ಚು ಬೆಲೆಗೆ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸು ಅನ್ನುತ್ತದೆ. ರಾಜ್ಯದ 2025-26ರ ಮುಂಗಡಪತ್ರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇಟ್ಟುಕೊಂಡಿತು. ಈ ಗುರಿ ಮುಟ್ಟಬೇಕಾದರೆ ನಮ್ಮಪ್ಪಂದಿರು ಬಿಡಬಾರದು. ಒಬ್ಬ ಕೂಲಿಕಾರ ಇವತ್ತೊಂದು ದಿನ ಕುಡಿಯಲಿಲ್ಲ ಅಂದರೆ ಅವನು ಸರಕಾರದ ಗುರಿಗೆ ಅಡ್ಡ ನಿಂತ ಅಂತ ಅರ್ಥ. ಇದಕ್ಕಿಂತ ದೊಡ್ಡ ಬಂಡಾಯ ಯಾವುದು?

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯನಿಷೇಧ ಕೇಳಿಕೊಂಡು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ಒಬ್ಬ ತಾಯಿ ದಾರಿಯಲ್ಲೇ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಅವರ ಕಾಲಿನ ಬೊಬ್ಬೆಗಳ ಮೇಲೆ ಒಂದು ನೀಳ್ಗವಿತೆ ಬಂದಿದ್ದರೆ ನಮ್ಮ ಕಣ್ಣಿಗೆ ಇನ್ನೂ ಬಿದ್ದಿಲ್ಲ.

7

ಹಾಗಾದರೆ ಹೇಗೆ ಬರೆಯಬೇಕು? ಮಾದರಿ ಇಲ್ಲದೆ ಇಲ್ಲ. ದೇವನೂರ ಮಹಾದೇವರ ‘ಒಡಲಾಳ’ ಇದೆ. ಕದ್ದು ತಂದ ಕಡಲೆಕಾಯಿಯ ಸುತ್ತ ಒಂದು ಮನೆ ಮಂದಿಯೆಲ್ಲ ಕೂತು ರಾತ್ರಿಯಿಡೀ ತಿನ್ನುತ್ತಾರೆ. ಅಲ್ಲಿ ಹಸಿವು ಘೋಷಣೆಯಾಗಿಲ್ಲ, ಪ್ರತಿಮೆಯೂ ಆಗಿಲ್ಲ. ಸಾಕವ್ವನಿಗೆ ಕಳೆದುಹೋದ ಹುಂಜದ ಚಿಂತೆ, ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ಒಂದು ಮನೆಯನ್ನು ಮನೆಯಾಗಿ ಬರೆದರೆ ವ್ಯವಸ್ಥೆ ತಾನಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ, ಅದನ್ನು ಕೈಹಿಡಿದು ಕರೆತರಬೇಕಾಗಿಲ್ಲ. ಮರಾಠಿಯ ದಲಿತ ಆತ್ಮಕಥೆಗಳೂ ನಮಗೆ ಧೈರ್ಯ ಕೊಟ್ಟಿವೆ. ದಯಾ ಪವಾರರ ‘ಬಲುತ’ (1978) ಕುಡಿಯುವ ಅಪ್ಪನನ್ನು ನಾಚಿಕೆ ಪ್ರೀತಿ ಎರಡನ್ನೂ ಬಚ್ಚಿಡದೆ ಬರೆಯಿತು. ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ (1984) ಹೆಂಡ ಮಾರಿ ಮೊಮ್ಮಗನನ್ನು ಸಾಕಿದ ಅಜ್ಜಿಯನ್ನು ತೀರ್ಪು ಕೊಡದೆ ಬರೆಯಿತು. ಕುಡಿತವನ್ನು ಹೀಗೆ ಒಳಗಿನಿಂದ ಬರೆದವರಿದ್ದಾರೆ. ಬಿಟ್ಟಿರುವುದನ್ನು ಬರೆಯುವ ಸರದಿ ನಮ್ಮದು.

ಒಂದು ತೊಡಕು ಉಳಿಯುತ್ತದೆ. ನಾವು, ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದವರು, ಹಾಸ್ಟೆಲಿನ ಪಾಲಾದವರು. ಕುಡಿದ ಅಪ್ಪನನ್ನು ಕಣ್ಣಾರೆ ನೋಡಿಕೊಂಡು ಹೊರಟೆವು. ಅಪ್ಪ ಬಿಟ್ಟಿರುವ ದಿನಗಳು ನಮ್ಮ ಕಣ್ಣ ಹಿಂದೆ ನಡೆದವು. ನಮ್ಮ ಕವಿತೆ ಹಳೆಯ ಅಪ್ಪನಲ್ಲೇ ನಿಂತಿರುವುದಕ್ಕೆ ಇದೂ ಒಂದು ಕಾರಣ. ಬಿಟ್ಟಿರುವ ದಿನಗಳನ್ನು ಕಂಡವರು ಊರಲ್ಲೇ ಉಳಿದ ಅವ್ವಂದಿರು, ಓದು ನಿಲ್ಲಿಸಿ ಮನೆಗೆಲಸಕ್ಕೆ ನಿಂತ ತಂಗಿಯರು. ಈ ಕಾವ್ಯದ ಮೊದಲ ಹಕ್ಕು ಅವರದು. ಅವರ ಕೈಗೆ ಪುಟ ಸಿಗಬೇಕು. ಅವರು ಬರೆಯಲಾರದ ಕಡೆ ಅವರು ಹೇಳಿದ್ದನ್ನು ನಾವು ಬರೆದುಕೊಳ್ಳಬೇಕು, ‘ಬುಟ್ಟಿರಾದು’ ಅಂದದ್ದನ್ನು ‘ತ್ಯಜಿಸಿರುವುದು’ ಅಂತ ತಿದ್ದದೆ.

ಕುಡಿದ ಅಪ್ಪನ ಮೇಲೆ ಬರೆದ ಕವಿತೆಗಳು ಸುಳ್ಳಲ್ಲ, ಅವು ಇರಲಿ. ಅವನನ್ನು ಅಲ್ಲೇ ಬಿಟ್ಟು ಕವಿತೆ ಮುಗಿಸಿ ಎಷ್ಟೋ ವರ್ಷವಾಯಿತು. ಅವನು ಎದ್ದು ಮನೆಗೆ ಹೋಗಿದ್ದಾನೆ. ಈಗ ಆ ಮನೆಯನ್ನು ಬರೆಯೋಣ: ರಾಗಿ ಡಬ್ಬವನ್ನು, ಹತ್ತು ಎಮ್ಮೆಗಾಗುವ ಹಗ್ಗವನ್ನು, ಡೈರಿಯ ಚೀಟಿಯನ್ನು. ಬರೆದದ್ದನ್ನು ಗೋಷ್ಠಿಗೆ ಒಯ್ಯುವ ಮೊದಲು ಮನೆಯಲ್ಲಿ ಓದಿ ಹೇಳೋಣ. ಅವ್ವ ‘ಇದು ಹಂಗಲ್ಲ’ ಅಂದ ಕಡೆ ತಿದ್ದೋಣ.